ದ್ವಿತ್ವದ ನೆಲೆ: ಭಾರತೀಯ ದರ್ಶನ ಮತ್ತು ಗಣಿತಗಳಲ್ಲಿ ಸಂಖ್ಯೆಯ ವಾಸ್ತವತೆಯ ವಿಚಾರ

ವಿಜಯನಗರದ ಆರಂಭಕಾಲದಲ್ಲಿ, ಕ್ರಿ.ಶ. 14ನೆಯ ಶತಮಾನದಲ್ಲಿ, ರಚಿತವಾದ ಮಾಧವನ 'ಸರ್ವದರ್ಶನಸಂಗ್ರಹ'ವು ವೈಶೇಷಿಕ ದರ್ಶನವನ್ನು ನಿರೂಪಿಸುವ ಸಂದರ್ಭದಲ್ಲಿ ಹಳೆಯ ಶ್ಲೋಕವೊಂದನ್ನು ಉದಾಹರಿಸುತ್ತದೆ. ಮೂರು ವಿಷಯಗಳಲ್ಲಿ ಯಾರ ಬುದ್ಧಿ ಎಡವುವುದಿಲ್ಲವೋ ಅವನೇ ನಿಜವಾದ ವೈಶೇಷಿಕ ಎಂಬುದು ಅದರ ತಾತ್ಪರ್ಯ. ಬೆಂಕಿಯ ತಾಪದಿಂದ ಮಣ್ಣಿನ ಬಣ್ಣ ಮಾರ್ಪಡುವ ಬಗೆ ಅವುಗಳಲ್ಲೊಂದು. ಒಂದು ವಿಭಾಗದಿಂದ ಮತ್ತೊಂದು ವಿಭಾಗ ಹುಟ್ಟುವ ಬಗೆ ಇನ್ನೊಂದು. ಇವೆರಡಕ್ಕೂ ಮೊದಲು ಹೆಸರಿಸಿರುವುದು ದ್ವಿತ್ವವನ್ನು, ಎಂದರೆ 'ಎರಡು' ಎಂಬ ಸಂಖ್ಯೆಯನ್ನು. ಮಗುವೂ ಬೆರಳು ಮಡಿಸಿ ತೋರಿಸಬಲ್ಲ ಎರಡನ್ನು ಒಂದು ದರ್ಶನವು ತನ್ನ ವಿದ್ವಾಂಸರ ಪರೀಕ್ಷೆಗೆ ಒರೆಗಲ್ಲಾಗಿ ಇಟ್ಟುಕೊಂಡಿತೆಂಬುದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಆ ಪರೀಕ್ಷೆ ಎಣಿಕೆಯ ಸಾಮರ್ಥ್ಯದ್ದಲ್ಲ. ಎಣಿಸಿದಾಗ ದೊರೆಯುವ ಆ ಎರಡು ಎಲ್ಲಿದೆ, ಅದು ಯಾವಾಗ ಹುಟ್ಟಿತು, ಎಣಿಸುವವನು ಹೊರಟುಹೋದ ಮೇಲೆ ಅದು ಉಳಿಯುತ್ತದೆಯೇ ಎಂಬುದು ಅಲ್ಲಿಯ ಪ್ರಶ್ನೆ.

ಗಣಿತದ ವಸ್ತುಗಳು ವಾಸ್ತವವೇ ಅಥವಾ ಬುದ್ಧಿಕಲ್ಪಿತವೇ ಎಂಬ ಚರ್ಚೆಯನ್ನು ಸಾಮಾನ್ಯವಾಗಿ ಪ್ಲೇಟೋನಿಂದ ಆರಂಭಿಸುವ ರೂಢಿಯಿದೆ. ಸಂಖ್ಯೆಗಳು ಕಾಲದೇಶಗಳಿಗೆ ಅತೀತವಾದ ಲೋಕವೊಂದರಲ್ಲಿ ನಿತ್ಯವಾಗಿವೆ ಎಂಬ ಮತ ಒಂದು ಕಡೆ, ಅವು ಮನುಷ್ಯನ ಬುದ್ಧಿಯ ಸೃಷ್ಟಿ ಎಂಬ ಮತ ಇನ್ನೊಂದು ಕಡೆ. ಭಾರತೀಯ ದಾರ್ಶನಿಕರು ಈ ಎರಡರ ನಡುವೆ ಯಾವ ಪಕ್ಷವನ್ನು ಹಿಡಿದರು ಎಂದು ಕೇಳುವುದೇ ತಪ್ಪುದಾರಿಗೆ ಎಳೆಯಬಲ್ಲದು. ವೈಶೇಷಿಕರು ಸಂಖ್ಯೆಯನ್ನು ಬೇರೊಂದು ಲೋಕದಲ್ಲಿ ಹುಡುಕಲಿಲ್ಲ. ಎದುರಿಗಿರುವ ಗಡಿಗೆಯಲ್ಲೇ ಹುಡುಕಿದರು. ಹಾಗೆಂದು ಬುದ್ಧಿಯ ಪಾತ್ರವನ್ನು ಅವರು ಅಲ್ಲಗಳೆಯಲೂ ಇಲ್ಲ. ವಸ್ತುವಿನಲ್ಲಿ ನಿಜವಾಗಿಯೂ ಇರುವ, ಆದರೆ ಬುದ್ಧಿಯಿಂದ ಹುಟ್ಟುವ ಗುಣ ಎಂಬ ಈ ನಿಲುವನ್ನು ಕಾಯ್ದುಕೊಳ್ಳಲು ಅವರು ಸಾವಿರ ವರ್ಷ ಹೆಣಗಿದರು. ಆ ಹೆಣಗಾಟದ ಚರಿತ್ರೆ ಗಣಿತಶಾಸ್ತ್ರದ ಚರಿತ್ರೆಯಲ್ಲಿ ಸೇರದೆ, ದರ್ಶನಗಳ ಚರಿತ್ರೆಯಲ್ಲೂ ಅಡಿಟಿಪ್ಪಣಿಯಾಗಿಯೇ ಉಳಿದುಬಂದಿರುವುದು ವಿಷಾದದ ಸಂಗತಿ.

ಕಣಾದನ ವೈಶೇಷಿಕ ಸೂತ್ರಗಳಲ್ಲಿ ಹದಿನೇಳು ಗುಣಗಳ ಎಣಿಕೆಯಿದೆ. ಸುಮಾರು 6ನೆಯ ಶತಮಾನದವನಾದ ಪ್ರಶಸ್ತಪಾದ ತನ್ನ 'ಪದಾರ್ಥಧರ್ಮಸಂಗ್ರಹ'ದಲ್ಲಿ ಅದನ್ನು ಇಪ್ಪತ್ತನಾಲ್ಕಕ್ಕೆ ಏರಿಸಿದ. ರೂಪ, ರಸ, ಗಂಧ, ಸ್ಪರ್ಶಗಳ ಬೆನ್ನಿಗೇ ಬರುವ ಗುಣ ಸಂಖ್ಯೆ. ಗಡಿಗೆಯ ಕೆಂಪು ಗಡಿಗೆಯಲ್ಲಿರುವಂತೆಯೇ ಅದರ ಒಂದುತನವೂ ಗಡಿಗೆಯಲ್ಲಿದೆ. ನಿತ್ಯವಾದ ಪರಮಾಣುವಿನಲ್ಲಿ ಏಕತ್ವವು ನಿತ್ಯ. ಅನಿತ್ಯವಾದ ಗಡಿಗೆಯಲ್ಲಿ ಅದು ಗಡಿಗೆಯೊಂದಿಗೆ ಹುಟ್ಟಿ ಗಡಿಗೆಯೊಂದಿಗೆ ನಾಶವಾಗುತ್ತದೆ. ಇಷ್ಟರವರೆಗೆ ತೊಡಕಿಲ್ಲ. ತೊಡಕು ಎರಡರಿಂದ ಆರಂಭವಾಗುತ್ತದೆ. ಪಕ್ಕಪಕ್ಕದಲ್ಲಿರುವ ಎರಡು ಗಡಿಗೆಗಳಲ್ಲಿ ಯಾವುದರಲ್ಲಿಯೂ ದ್ವಿತ್ವವು ಬಿಡಿಯಾಗಿ ಇಲ್ಲ, ಏಕೆಂದರೆ ಪ್ರತಿಯೊಂದೂ ಒಂದೇ. ಮೂರನೆಯ ಗಡಿಗೆಯನ್ನು ತಂದಿಟ್ಟರೆ ಮೊದಲಿನ ಎರಡಕ್ಕೆ ಏನೂ ಆಗುವುದಿಲ್ಲ. ಆದರೂ ಈಗ ಇರುವುದು ಮೂರು. ಕೆಂಪು ಬಣ್ಣ ಹೀಗೆ ನೆರೆಯವರನ್ನು ನೋಡಿ ಬದಲಾಗುವುದಿಲ್ಲ.

ಪ್ರಶಸ್ತಪಾದ ಕೊಟ್ಟ ಉತ್ತರ ಅಪೇಕ್ಷಾಬುದ್ಧಿ. 'ಇದು ಒಂದು, ಇದು ಒಂದು' ಎಂದು ಅನೇಕ ಏಕತ್ವಗಳನ್ನು ಒಟ್ಟಿಗೆ ಹಿಡಿಯುವ ಜ್ಞಾನಕ್ಕೆ ಆ ಹೆಸರು. ಆ ಜ್ಞಾನ ಹುಟ್ಟಿದೊಡನೆ ಎರಡು ವಸ್ತುಗಳಲ್ಲಿ ದ್ವಿತ್ವವೆಂಬ ಗುಣ ಹುಟ್ಟುತ್ತದೆ. ಆ ಜ್ಞಾನ ಅಳಿದಾಗ ದ್ವಿತ್ವವೂ ಅಳಿಯುತ್ತದೆ. ಇಲ್ಲಿ ಎಚ್ಚರಿಕೆಯಿಂದ ಗಮನಿಸಬೇಕಾದುದು, ಜ್ಞಾನವು ದ್ವಿತ್ವಕ್ಕೆ ಕಾರಣ ಮಾತ್ರ, ನೆಲೆಯಲ್ಲ. ಕುಂಬಾರನಿಲ್ಲದೆ ಗಡಿಗೆ ಹುಟ್ಟುವುದಿಲ್ಲ. ಅಷ್ಟರಿಂದಲೇ ಗಡಿಗೆ ಕುಂಬಾರನ ತಲೆಯೊಳಗಿದೆ ಎಂದಾಗುವುದಿಲ್ಲ. ಜ್ಞಾನವು ಆತ್ಮದಲ್ಲಿದೆ, ಅದು ಹುಟ್ಟಿಸಿದ ದ್ವಿತ್ವವು ಗಡಿಗೆಗಳಲ್ಲಿದೆ.

ಈ ವ್ಯವಸ್ಥೆಯನ್ನು ಕ್ಷಣಗಳ ಲೆಕ್ಕದಲ್ಲಿ ಬಿಡಿಸಿಟ್ಟ ರೀತಿ ವೈಶೇಷಿಕರ ಸೂಕ್ಷ್ಮತೆಗೆ ಸಾಕ್ಷಿ. ಸರ್ವದರ್ಶನಸಂಗ್ರಹವು ಎಂಟು ಹಂತಗಳನ್ನು ಹೇಳುತ್ತದೆ. ಇಂದ್ರಿಯವು ವಸ್ತುಗಳನ್ನು ಮುಟ್ಟುತ್ತದೆ, ಏಕತ್ವವೆಂಬ ಸಾಮಾನ್ಯದ ಜ್ಞಾನವಾಗುತ್ತದೆ, ಅಪೇಕ್ಷಾಬುದ್ಧಿ ಮೂಡುತ್ತದೆ, ದ್ವಿತ್ವ ಹುಟ್ಟುತ್ತದೆ, ಆ ಬಳಿಕ ದ್ವಿತ್ವತ್ವವೆಂಬ ಸಾಮಾನ್ಯದ ಜ್ಞಾನ, ದ್ವಿತ್ವವೆಂಬ ಗುಣದ ಜ್ಞಾನ, 'ಇವು ಎರಡು ದ್ರವ್ಯಗಳು' ಎಂಬ ಜ್ಞಾನ, ಕೊನೆಗೆ ಸಂಸ್ಕಾರ. ವೈಶೇಷಿಕರ ಮತದಲ್ಲಿ ಒಂದು ಜ್ಞಾನವನ್ನು ಅದರ ಹಿಂದೆಯೇ ಬರುವ ಜ್ಞಾನ ಅಳಿಸಿಬಿಡುತ್ತದೆ. ಆದ್ದರಿಂದ ದ್ವಿತ್ವತ್ವದ ಜ್ಞಾನವು ಅಪೇಕ್ಷಾಬುದ್ಧಿಯನ್ನು ಅಳಿಸುತ್ತದೆ. ಅಪೇಕ್ಷಾಬುದ್ಧಿ ಅಳಿದ ಮರುಕ್ಷಣ ದ್ವಿತ್ವ ಅಳಿಯುತ್ತದೆ. 'ಇವು ಎರಡು ದ್ರವ್ಯಗಳು' ಎಂಬ ಅರಿವು ಮೂಡುವ ಕ್ಷಣವೂ ದ್ವಿತ್ವವು ಅಳಿಯುವ ಕ್ಷಣವೂ ಒಂದೇ ಆಗುತ್ತವೆ. ಎರಡೆಂದು ತಿಳಿಯುವಷ್ಟರಲ್ಲಿ ಎರಡು ಇಲ್ಲವಾಗಿರುತ್ತದೆ. ಈ ಇಕ್ಕಟ್ಟು ಎಷ್ಟು ಕಾಡಿತೆಂದರೆ, 17ನೆಯ ಶತಮಾನದ ವಿಶ್ವನಾಥ ಪಂಚಾನನ 'ಸಿದ್ಧಾಂತಮುಕ್ತಾವಲಿ'ಯಲ್ಲಿ ಬೇರೆಲ್ಲ ಜ್ಞಾನಗಳಿಗಿಲ್ಲದ ರಿಯಾಯಿತಿಯನ್ನು ಅಪೇಕ್ಷಾಬುದ್ಧಿಗೆ ಕೊಟ್ಟು, ಅದೊಂದು ಮಾತ್ರ ಮೂರು ಕ್ಷಣ ನಿಲ್ಲುತ್ತದೆ ಎಂದು ಹೇಳಬೇಕಾಯಿತು.

ಇದಕ್ಕಿಂತ ಸುಲಭವಾದ ದಾರಿಯೊಂದು ಇರಲಿಲ್ಲವೇ? ಇತ್ತು. ದ್ವಿತ್ವವು ಮೊದಲೇ ಇದೆ, ಅಪೇಕ್ಷಾಬುದ್ಧಿಯು ಕತ್ತಲೆಯಲ್ಲಿನ ಗಡಿಗೆಯನ್ನು ದೀಪ ತೋರಿಸುವಂತೆ ಅದನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ ಎಂದು ಹೇಳಬಹುದಿತ್ತು. ಈ ಪಕ್ಷವನ್ನು ಮಾಧವನೂ ಎತ್ತಿಕೊಂಡು ಖಂಡಿಸುತ್ತಾನೆ. ಮೊದಲೇ ಇದ್ದರೆ ಆ ಗಡಿಗೆ ಜಗತ್ತಿನ ಪ್ರತಿಯೊಂದು ವಸ್ತುವಿನೊಂದಿಗೂ ಒಂದೊಂದು ದ್ವಿತ್ವವನ್ನು, ಪ್ರತಿಯೊಂದು ಜೋಡಿಯೊಂದಿಗೂ ಒಂದೊಂದು ತ್ರಿತ್ವವನ್ನು ಹೊತ್ತುಕೊಂಡಿರಬೇಕಾಗುತ್ತದೆ. ದ್ವಿತ್ವವು ಬುದ್ಧಿಜನ್ಯವೆಂಬುದಕ್ಕೆ ನಂತರದ ವ್ಯಾಖ್ಯಾನಕಾರರು ಇನ್ನೊಂದು ಯುಕ್ತಿಯನ್ನು ಕೊಟ್ಟರು. ಸುಖವು ಹೇಗೆ ಅದನ್ನು ಅನುಭವಿಸುವವನೊಬ್ಬನಿಗೇ ಗೋಚರವೋ, ಹಾಗೆ ಒಂದು ದ್ವಿತ್ವವು ಯಾರ ಅಪೇಕ್ಷಾಬುದ್ಧಿಯಿಂದ ಹುಟ್ಟಿತೋ ಅವನೊಬ್ಬನಿಗೇ ಗೋಚರ. ಈ ಯುಕ್ತಿಯ ಬೆಲೆ ದೊಡ್ಡದು. ಒಂದೇ ಜೋಡಿ ಗಡಿಗೆಯನ್ನು ಇಬ್ಬರು ನೋಡಿದರೆ ಅಲ್ಲಿ ಎರಡು ದ್ವಿತ್ವಗಳಿರುತ್ತವೆ. ಒಬ್ಬನ ಎರಡನ್ನು ಇನ್ನೊಬ್ಬ ಕಾಣಲಾರ. ಇಬ್ಬರ ಲೆಕ್ಕವೂ ತಾಳೆಯಾಗುವುದು ಎರಡೂ ದ್ವಿತ್ವಗಳಲ್ಲಿ ದ್ವಿತ್ವತ್ವವೆಂಬ ಒಂದೇ ಜಾತಿ ಇರುವುದರಿಂದ. ನಿತ್ಯತೆಯನ್ನು ಸಂಖ್ಯೆಗೆ ಕೊಡದೆ, ಸಂಖ್ಯೆಯ ಜಾತಿಗೆ ಕೊಟ್ಟು ಉಳಿಸಿಕೊಂಡ ಬಗೆ ಇದು.

ಇಷ್ಟೆಲ್ಲ ತೊಡಕನ್ನು ಮೈಮೇಲೆ ಎಳೆದುಕೊಳ್ಳುವ ಬದಲು ಸಂಖ್ಯೆಯು ವ್ಯವಹಾರದ ಕಲ್ಪನೆ ಎಂದು ಒಪ್ಪಿಕೊಂಡಿದ್ದರೆ ವೈಶೇಷಿಕರಿಗೆ ಆಗುತ್ತಿದ್ದ ನಷ್ಟವೇನು? ಬೌದ್ಧರು ಹಾಗೆಯೇ ಹೇಳಿದರು. 8ನೆಯ ಶತಮಾನದ ಶಾಂತರಕ್ಷಿತ ತನ್ನ 'ತತ್ತ್ವಸಂಗ್ರಹ'ದಲ್ಲಿ ಗುಣಪದಾರ್ಥವನ್ನು ಪರೀಕ್ಷಿಸುವಾಗ ಸಂಖ್ಯೆಯನ್ನೂ ಬಿಡಲಿಲ್ಲ. ವಸ್ತುಗಳಿಗಿಂತ ಬೇರೆಯಾಗಿ ಸಂಖ್ಯೆಯೆಂಬುದು ಯಾವ ಪ್ರತ್ಯಕ್ಷದಲ್ಲಿಯೂ ಕಾಣುವುದಿಲ್ಲ ಎಂಬುದು ಅವನ ನಿಲುವು. ವೈಶೇಷಿಕರು ಇದನ್ನು ಒಪ್ಪದಿರಲು ಹಟವೊಂದೇ ಕಾರಣವಲ್ಲ. ಅವರ ಜಗತ್ತಿನ ಗಾತ್ರವೇ ಸಂಖ್ಯೆಯ ಮೇಲೆ ನಿಂತಿತ್ತು.

ಗವಾಕ್ಷಿಯಿಂದ ಬೀಳುವ ಬಿಸಿಲಕೋಲಿನಲ್ಲಿ ತೇಲುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಅತ್ಯಂತ ಚಿಕ್ಕ ವಸ್ತು ಎಂದು ಅವರು ಭಾವಿಸಿದ್ದರು. ಅದು ಮೂರು ದ್ವ್ಯಣುಕಗಳಿಂದ ಆದದ್ದು. ಪ್ರತಿ ದ್ವ್ಯಣುಕವೂ ಎರಡು ಪರಮಾಣುಗಳಿಂದ ಆದದ್ದು. ದೊಡ್ಡ ವಸ್ತುವಿನ ಗಾತ್ರಕ್ಕೆ ಅದರ ಅವಯವಗಳ ಗಾತ್ರವೇ ಕಾರಣವೆಂಬುದು ಸಾಮಾನ್ಯ ನಿಯಮ. ಆದರೆ ಪರಮಾಣುವಿನ ಗಾತ್ರಕ್ಕೆ ಆ ನಿಯಮವನ್ನು ಅನ್ವಯಿಸುವಂತಿಲ್ಲ. ಗಾತ್ರವು ತನ್ನದೇ ಜಾತಿಯ, ತನಗಿಂತ ಮಿಗಿಲಾದ ಗಾತ್ರವನ್ನು ಹುಟ್ಟಿಸುತ್ತದೆ. ಮಹತ್ತಿನಿಂದ ಇನ್ನೂ ಮಹತ್ತಾದುದು ಹುಟ್ಟುವಂತೆ ಅಣುವಿನಿಂದ ಇನ್ನೂ ಅಣುವಾದುದೇ ಹುಟ್ಟಬೇಕಾಗುತ್ತದೆ. ಹಾಗಾದರೆ ಕಾಣುವ ಜಗತ್ತು ಎಂದಿಗೂ ಉಂಟಾಗದು. ಆದ್ದರಿಂದ ದ್ವ್ಯಣುಕದ ಗಾತ್ರಕ್ಕೆ ಎರಡು ಪರಮಾಣುಗಳಲ್ಲಿರುವ ದ್ವಿತ್ವವೂ, ಧೂಳಿನ ಕಣದ ಮಹತ್ತ್ವಕ್ಕೆ ಮೂರು ದ್ವ್ಯಣುಕಗಳಲ್ಲಿರುವ ಬಹುತ್ವವೂ ಕಾರಣವೆಂದು ಅವರು ನಿರ್ಣಯಿಸಿದರು. ಬೆಟ್ಟವು ಬೆಟ್ಟದಷ್ಟು ದೊಡ್ಡದಾಗಿರುವುದು ತಳದಲ್ಲಿ ಸಂಖ್ಯೆ ಕೆಲಸ ಮಾಡಿರುವುದರಿಂದ. ಸಂಖ್ಯೆ ಕಲ್ಪನೆಯಾದರೆ ಬೆಟ್ಟವೂ ಕಲ್ಪನೆಯೇ.

ಆದರೆ ದ್ವಿತ್ವಕ್ಕೆ ಅಪೇಕ್ಷಾಬುದ್ಧಿ ಬೇಕು. ಪರಮಾಣುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸೃಷ್ಟಿಯ ಆದಿಯಲ್ಲಿ ಎಣಿಸುವವರೂ ಇಲ್ಲ. ಪ್ರಶಸ್ತಪಾದ ಇಲ್ಲಿ ಈಶ್ವರನ ಬುದ್ಧಿಯನ್ನು ತಂದ. ಈಶ್ವರನು ಪರಮಾಣುಗಳನ್ನು ಎಣಿಸಿದ್ದರಿಂದ ಅವುಗಳಲ್ಲಿ ದ್ವಿತ್ವ ಹುಟ್ಟಿ ಜಗತ್ತಿಗೆ ಗಾತ್ರ ಬಂತು. ವಿಶ್ವನಾಥನ ಕಾಲಕ್ಕೆ ಇದಕ್ಕೊಂದು ಪರ್ಯಾಯವೂ ಸೇರಿಕೊಂಡಿತ್ತು: ಈಶ್ವರನ ಬುದ್ಧಿ ಅಥವಾ ಬೇರೊಂದು ಬ್ರಹ್ಮಾಂಡದಲ್ಲಿರುವ ಯೋಗಿಗಳ ಬುದ್ಧಿ ಎಂದು ಮುಕ್ತಾವಲಿ ಹೇಳುತ್ತದೆ. ಮೊದಲ ಓದಿಗೆ ನಗು ತರಿಸಬಹುದಾದ ಈ ಮಾತಿನಲ್ಲಿ ಪ್ರಾಮಾಣಿಕತೆಯಿದೆ. ಸಂಖ್ಯೆಗೆ ಬುದ್ಧಿ ಬೇಕೆಂದ ಮೇಲೆ ಆ ಬುದ್ಧಿ ಯಾರದೆಂದು ಹೇಳುವ ಹೊಣೆಯಿಂದ ಅವರು ನುಣುಚಿಕೊಳ್ಳಲಿಲ್ಲ.

ದಾರ್ಶನಿಕರು ಹೀಗೆ ಎರಡರ ಮೇಲೆ ಕುಳಿತಿದ್ದಾಗ ಗಣಿತಜ್ಞರು ಏನು ಭಾವಿಸಿದ್ದರು? ಅವರ ಗ್ರಂಥಗಳು ಕ್ರಮಗಳನ್ನು, ಸೂತ್ರಗಳನ್ನು, ಉದಾಹರಣೆಗಳನ್ನು ಕೊಡುತ್ತವೆಯೇ ಹೊರತು ಸಂಖ್ಯೆಯ ಸತ್ತೆಯನ್ನು ಚರ್ಚಿಸುವುದಿಲ್ಲ. ಆದರೂ ಎಣಿಕೆಯ ಎಲ್ಲೆ ದಾಟುವ ಸೊನ್ನೆ, ಋಣ, ಅನಂತಗಳನ್ನು ಮುಟ್ಟಿದಾಗ ಅವರ ಮಾತಿನಲ್ಲಿ ಒಳಗಿನ ನಂಬಿಕೆ ಹೊರಬರುತ್ತದೆ. ಇದಕ್ಕೆ ಉತ್ತಮ ನಿದರ್ಶನ ಕನ್ನಡ ನಾಡಿನ ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಅವನ 'ಗಣಿತಸಾರಸಂಗ್ರಹ'ವು ಸುಮಾರು 850ರದು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಇದನ್ನು ಪ್ರಕಟಿಸಿದರು. ಕನ್ನಡ ಅನುವಾದದೊಂದಿಗೆ ಪದ್ಮಾವತಮ್ಮನವರ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಋಣರಾಶಿಯ ವರ್ಗಮೂಲದ ಬಗ್ಗೆ ಮಹಾವೀರ ಹೇಳುವುದು ಸಂಕ್ಷಿಪ್ತ: ಋಣವು ತನ್ನ ಸ್ವರೂಪದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ. ಲೆಕ್ಕ ಬರುವುದಿಲ್ಲ ಎಂದಷ್ಟೇ ಹೇಳಿ ಅವನು ಮುಂದೆ ಹೋಗಬಹುದಿತ್ತು. ಸ್ವರೂಪ ಎಂಬ ಪದವನ್ನು ಬಳಸಿದ್ದರಿಂದ, ಸಂಖ್ಯೆಗೆ ತನ್ನದೇ ಆದ ಸ್ವಭಾವವೊಂದಿದೆ, ಅದನ್ನು ಗಣಿತಜ್ಞನು ಕಂಡುಕೊಳ್ಳಬೇಕೇ ಹೊರತು ವಿಧಿಸಲಾಗದು ಎಂಬ ಭಾವ ಆ ಮಾತಿನಲ್ಲಿದೆ. ಇಟಲಿಯ ಬೊಂಬೆಲ್ಲಿ 1572ರಲ್ಲಿ ಅಂತಹ ಮೂಲಗಳನ್ನು ಕೂಡಿಸಿ ಕಳೆದು ಗುಣಿಸುವ ನಿಯಮಗಳನ್ನು ಕೊಟ್ಟ. ಅವುಗಳಿಗೆ ಸಮತಲದಲ್ಲಿ ಸ್ಥಾನ ದೊರೆತದ್ದು 18ನೆಯ ಶತಮಾನದ ಕೊನೆಗೆ. ಸ್ವರೂಪವನ್ನು ಆಧಾರವಾಗಿ ಹಿಡಿದ ನಿರಾಕರಣೆ ಎಷ್ಟು ದೃಢವೋ ಅಷ್ಟೇ ಅಪಾಯಕರ ಎಂಬುದಕ್ಕೂ ಇದು ಉದಾಹರಣೆಯೇ.

ಯಾವುದೇ ರಾಶಿಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಮಹಾವೀರನ ಇನ್ನೊಂದು ಮಾತನ್ನು ಆಧುನಿಕ ವಿದ್ವಾಂಸರು ದೋಷವೆಂದೇ ಎಣಿಸಿದ್ದಾರೆ. ದೋಷವೆಂಬುದು ನಿಜ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದಾಗ ಹಣ್ಣಿನ ಬುಟ್ಟಿ ಇದ್ದಂತೆಯೇ ಇರುತ್ತದೆ ಎಂಬ ವಿವರಣೆಯನ್ನು ಅದಕ್ಕೆ ಕೊಡಬಹುದು. ಹಾಗಾದಲ್ಲಿ ಅವನ ದೃಷ್ಟಿಯಲ್ಲಿ ಭಾಗಾಕಾರವು ವಸ್ತುಗಳ ಹಂಚಿಕೆಯಿಂದ ಇನ್ನೂ ಬಿಡಿಸಿಕೊಂಡಿರಲಿಲ್ಲ ಎನ್ನಬೇಕಾಗುತ್ತದೆ.

ಮಹಾವೀರನ ಬೆನ್ನಿಗಿದ್ದ ಜೈನ ಪರಂಪರೆಯಲ್ಲಿ ಸಂಖ್ಯೆಯ ವಾಸ್ತವತೆಯ ಪ್ರಶ್ನೆ ಇನ್ನೊಂದು ರೂಪವನ್ನು ತಾಳಿತ್ತು. 'ಅನುಯೋಗದ್ವಾರ'ವು ಒಂದನ್ನು ಗಣನೆಗೆ ಸೇರಿಸುವುದಿಲ್ಲ. ಎಣಿಕೆ ಎರಡರಿಂದ ಆರಂಭ. ಅಲ್ಲಿಂದ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ರಾಶಿಗಳು ಬೆಳೆಯುತ್ತವೆ. ಅಸಂಖ್ಯಾತದ ಮೊದಲ ಮೆಟ್ಟಿಲನ್ನು ತಲುಪಲು ಅಪಾರ ಗಾತ್ರದ ಕುಳಿಗಳಲ್ಲಿ ಸಾಸಿವೆ ಕಾಳು ತುಂಬಿ, ಒಂದೊಂದು ದ್ವೀಪಕ್ಕೆ, ಒಂದೊಂದು ಸಮುದ್ರಕ್ಕೆ ಒಂದೊಂದು ಕಾಳನ್ನು ಹಾಕುತ್ತ ಹೋಗುವ ವಿಧಾನವನ್ನು ಜೈನ ಗ್ರಂಥಗಳು ವರ್ಣಿಸುತ್ತವೆ. ಇದನ್ನು ಯಾರೂ ಮಾಡಿ ಮುಗಿಸಲಾರರು. ಆದರೂ ರಾಶಿಯು ನಿಶ್ಚಿತ, ಏಕೆಂದರೆ ದ್ವೀಪಸಮುದ್ರಗಳು ನಿಶ್ಚಿತವಾಗಿವೆ ಮತ್ತು ಕೇವಲಿಯ ಜ್ಞಾನಕ್ಕೆ ಅವೆಲ್ಲವೂ ಗೋಚರ. ವೈಶೇಷಿಕರ ಈಶ್ವರನು ಎಣಿಸಿ ಸಂಖ್ಯೆಯನ್ನು ಹುಟ್ಟಿಸುತ್ತಾನೆ. ಜೈನರ ಕೇವಲಿ ಇರುವುದನ್ನು ಕಾಣುತ್ತಾನೆ, ಏನನ್ನೂ ಹುಟ್ಟಿಸುವುದಿಲ್ಲ.

ವೀರಸೇನಾಚಾರ್ಯ 816ರಲ್ಲಿ ಮುಗಿಸಿದನೆನ್ನಲಾದ 'ಧವಲಾ' ಟೀಕೆ ಈ ಗಣಿತದ ಆಕರ. ಈತನ ಶಿಷ್ಯ ಜಿನಸೇನನೇ ಅಮೋಘವರ್ಷನ ಗುರು. ಧವಲೆಯ ಹಳಗನ್ನಡ ಲಿಪಿಯ ತಾಳೆಗರಿಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಾಗಿ ಅದು ಮುದ್ರಿತವಾಯಿತು. ಮಿಥ್ಯಾದೃಷ್ಟಿ ಜೀವಗಳು ಎಷ್ಟು ಎಂಬ ಪ್ರಶ್ನೆಗೆ ಮೂಲವಾದ 'ಷಟ್ಖಂಡಾಗಮ'ವು ಕೊಡುವ ಉತ್ತರ ಗಣಿತದ ದೃಷ್ಟಿಯಿಂದ ಅಪೂರ್ವವಾದುದು. ಅನಂತಾನಂತ ಅವಸರ್ಪಿಣೀ ಉತ್ಸರ್ಪಿಣೀ ಕಾಲಗಳಿಂದಲೂ ಅವು ತೀರುವುದಿಲ್ಲ. ಒಂದು ಕಡೆ ಕಾಲದ ಸಮಯಗಳನ್ನೂ ಇನ್ನೊಂದು ಕಡೆ ಜೀವಗಳನ್ನೂ ಇಟ್ಟು, ಅದರಿಂದೊಂದು ಇದರಿಂದೊಂದು ತೆಗೆಯುತ್ತ ಹೋದರೆ ಕಾಲ ಮುಗಿದರೂ ಜೀವರಾಶಿ ಮುಗಿಯದು ಎಂದು ಟೀಕೆಯು ಬಿಡಿಸುತ್ತದೆ. ಎಣಿಸಿ ಮುಗಿಸಲಾಗದ ಎರಡು ರಾಶಿಗಳನ್ನು ಜೋಡಿಮಾಡಿ ಹೋಲಿಸಬಹುದೆಂಬ ಈ ಉಪಾಯವು 1874ರಿಂದ ಮುಂದೆ ಜರ್ಮನಿಯ ಕ್ಯಾಂಟರ್ ಕಟ್ಟಿದ ಅನಂತಗಣಿತದ ತಳಹದಿಯನ್ನು ನೆನಪಿಸುತ್ತದೆ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಕ್ಯಾಂಟರನಿಗೆ ಒಂದು ಅನಂತ ಇನ್ನೊಂದಕ್ಕಿಂತ ದೊಡ್ಡದೆಂಬುದಕ್ಕೆ ಸಾಧನೆಯಿತ್ತು. ಧವಲೆಯಲ್ಲಿ ಅದು ಆಗಮದ ವಚನ. ಆದರೆ ಅನಂತವು ಕೇವಲ ಮುಗಿಯದಿರುವಿಕೆಯಲ್ಲ, ತನ್ನಲ್ಲೇ ತಾರತಮ್ಯವುಳ್ಳ ಸಿದ್ಧವಸ್ತು ಎಂಬ ಧೈರ್ಯ ಎರಡರಲ್ಲಿಯೂ ಒಂದೇ.

12ನೆಯ ಶತಮಾನದ ಭಾಸ್ಕರಾಚಾರ್ಯನಲ್ಲಿ ಇನ್ನೂ ಸೂಕ್ಷ್ಮವಾದ ಪ್ರಸಂಗವಿದೆ. ಅವನ 'ಬೀಜಗಣಿತ'ದಲ್ಲಿ ಕಪಿಗಳ ಲೆಕ್ಕಗಳೆರಡು ಬರುತ್ತವೆ. ಮೊದಲನೆಯದರಲ್ಲಿ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಹನ್ನೆರಡು ಬೆಟ್ಟದ ಮೇಲಿವೆ. ಉತ್ತರ 48 ಅಥವಾ 16. ಎರಡನ್ನೂ ಭಾಸ್ಕರ ಒಪ್ಪುತ್ತಾನೆ. ಎರಡನೆಯದರಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಗೆ ಹೋಗಿವೆ, ಒಂದು ಕಣ್ಣಿಗೆ ಕಾಣುತ್ತಿದೆ. ಸಮೀಕರಣವು ಕೊಡುವ ಉತ್ತರಗಳು 50 ಮತ್ತು 5. ಐದನ್ನು ಹಿಡಿದರೆ ಅದರ ಐದನೆಯ ಭಾಗವಾದ ಒಂದರಿಂದ ಮೂರನ್ನು ಕಳೆದು ಋಣ ಎರಡು ಬರುತ್ತದೆ. ವರ್ಗಿಸಿದಾಗ ನಾಲ್ಕು, ಒಂದನ್ನು ಕೂಡಿಸಿದರೆ ಐದು. ಲೆಕ್ಕ ಸರಿಹೋಗುತ್ತದೆ. ಆದರೂ ಭಾಸ್ಕರ ಅದನ್ನು ಬಿಡುತ್ತಾನೆ. ವ್ಯಕ್ತರಾಶಿಯೊಂದು ಋಣವಾಗುವುದರಲ್ಲಿ ಲೋಕಕ್ಕೆ ನಂಬಿಕೆಯಿಲ್ಲ ಎಂಬುದು ಅವನ ಕಾರಣ. ಋಣವು ಸುಳ್ಳು ಎಂದು ಅವನು ಹೇಳಲಿಲ್ಲ; ಅದೇ ಗ್ರಂಥದ ಆರಂಭದಲ್ಲಿ ಋಣಗಳ ಸಂಕಲನ ಗುಣಾಕಾರಗಳನ್ನು ವಿಧಿಸಿದವನೂ ಅವನೇ. ಇಲ್ಲಿ ಅವನು ಹೊರಗಿಟ್ಟಿದ್ದು ಲೋಕವ್ಯವಹಾರವು ಒಪ್ಪದ ಉತ್ತರವನ್ನು. ಮಹಾವೀರನ ಸ್ವರೂಪದ ಜಾಗದಲ್ಲಿ ಲೋಕಪ್ರತೀತಿ ಬಂದು ಕುಳಿತಿದೆ. 17ನೆಯ ಶತಮಾನದ ಆರಂಭಕ್ಕೆ ಸೇರಿದ ವ್ಯಾಖ್ಯಾನಕಾರ ಕೃಷ್ಣ ದೈವಜ್ಞ, ದೇಶ, ಕಾಲ, ವಸ್ತು ಎಂಬ ಮೂರು ಬಗೆಯ ವೈಪರೀತ್ಯವೇ ಋಣತ್ವವೆಂದು ವಿವರಿಸಿ ಅದಕ್ಕೆ ಜಗತ್ತಿನಲ್ಲೇ ನೆಲೆ ಕಲ್ಪಿಸಿದ. ಪೂರ್ವಕ್ಕೆ ನಡೆಯುವುದು ಧನವಾದರೆ ಪಶ್ಚಿಮಕ್ಕೆ ನಡೆಯುವುದು ಋಣ.

ಇತ್ತ ದರ್ಶನದೊಳಗೆ ಹಳೆಯ ಬಿರುಕೊಂದು ಅಗಲವಾಗುತ್ತಿತ್ತು. ಸಂಖ್ಯೆ ಗುಣವಾದರೆ ಅದು ದ್ರವ್ಯದಲ್ಲಿ ಮಾತ್ರ ಇರಬಲ್ಲದು. ಗುಣದಲ್ಲಿ ಗುಣವಿರಲಾರದು ಎಂಬುದು ವೈಶೇಷಿಕರ ಮೂಲ ನಿಯಮ. ಆದರೆ ಗುಣಗಳು ಇಪ್ಪತ್ತನಾಲ್ಕು ಎಂದು ಎಣಿಸಿದವರೇ ಅವರು! ಪದಾರ್ಥಗಳು ಏಳು ಎಂದವರೂ ಅವರೇ. ಇದು ಔಪಚಾರಿಕ ಪ್ರಯೋಗ ಎಂಬ ಸಮಾಧಾನ ಬಹುಕಾಲ ನಡೆಯಿತು. ಸುಮಾರು 10ನೆಯ ಶತಮಾನದ ಭಾಸರ್ವಜ್ಞ ಆ ಸಮಾಧಾನಕ್ಕೆ ಒಗ್ಗಲಿಲ್ಲ. ಏಕತ್ವವೆಂದರೆ ಅಭೇದ, ದ್ವಿತ್ವ ಮೊದಲಾದವು ಭೇದ; ಸಂಖ್ಯೆಯೆಂಬ ಬೇರೊಂದು ಗುಣವೇ ಬೇಡ ಎಂದು ಅವನು 'ನ್ಯಾಯಭೂಷಣ'ದಲ್ಲಿ ವಾದಿಸಿದ. ನವದ್ವೀಪದ ರಘುನಾಥ ಶಿರೋಮಣಿ 16ನೆಯ ಶತಮಾನದ ಹೊತ್ತಿಗೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ. ರೂಪರಸಗಳನ್ನೂ ಎಣಿಸುತ್ತೇವೆ, ಅದು ಉಪಚಾರವಲ್ಲ; ಆದ್ದರಿಂದ ಸಂಖ್ಯೆಯು ಗುಣವಲ್ಲ, ಅದೊಂದು ಬೇರೆಯೇ ಪದಾರ್ಥ ಎಂದು 'ಪದಾರ್ಥತತ್ತ್ವನಿರೂಪಣ'ದಲ್ಲಿ ಸಾರಿದ. ಎರಡು ಗಡಿಗೆಗಳಲ್ಲಿ ಬಿಡಿಬಿಡಿಯಾಗಿ ಇಲ್ಲದೆ ಎರಡರಲ್ಲೂ ಒಟ್ಟಾಗಿ ಮಾತ್ರ ದ್ವಿತ್ವ ಇರುವುದನ್ನು ಹೇಳಲು ನವ್ಯನೈಯಾಯಿಕರು ಪರ್ಯಾಪ್ತಿ ಎಂಬ ಸಂಬಂಧವನ್ನು ಬಳಸಿದರು. ಪ್ರಶಸ್ತಪಾದನ ಪಟ್ಟಿಯಿಂದ ಸಂಖ್ಯೆ ಹೀಗೆ ಹೊರಬಿತ್ತು.

ಡೇನಿಯಲ್ ಇಂಗಲ್ಸ್ 1951ರಲ್ಲಿ ನವ್ಯನ್ಯಾಯದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಈ ಪರ್ಯಾಪ್ತಿಯನ್ನು ಜರ್ಮನಿಯ ಫ್ರೇಗೆಯ ಸಿದ್ಧಾಂತದೊಂದಿಗೆ ಹೋಲಿಸಿದ ಮೇಲೆ ಭಾರತೀಯ ಸಂಖ್ಯಾವಿಚಾರಕ್ಕೆ ಹೊರಗೆ ಮನ್ನಣೆ ದೊರೆಯಿತು. 1884ರ ಗ್ರಂಥದಲ್ಲಿ ಫ್ರೇಗೆ ಎತ್ತಿದ ಆಕ್ಷೇಪಗಳು ವೈಶೇಷಿಕರಿಗೆ ಅಪರಿಚಿತವೆನಿಸುತ್ತಿರಲಿಲ್ಲ. ಇಸ್ಪೀಟಿನ ಒಂದು ಕಟ್ಟು ಕಟ್ಟಾಗಿ ಒಂದು, ಎಲೆಗಳಾಗಿ ಐವತ್ತೆರಡು. ಕೈಯಲ್ಲಿರುವ ವಸ್ತು ಅದೇ. ಆದ್ದರಿಂದ ಸಂಖ್ಯೆಯು ವಸ್ತುವಿನ ಗುಣವಲ್ಲ, ವಸ್ತುಗಳನ್ನು ನಾವು ಯಾವ ಪರಿಕಲ್ಪನೆಯ ಅಡಿಯಲ್ಲಿ ತರುತ್ತೇವೆಯೋ ಅದರ ಬಗೆಗಿನ ಹೇಳಿಕೆ ಎಂದು ಫ್ರೇಗೆ ತೀರ್ಮಾನಿಸಿದ. ಮುಂದುವರಿದು, ಸಂಖ್ಯೆಗಳು ಕಾಲದೇಶಗಳಿಲ್ಲದ, ಆದರೆ ಬುದ್ಧಿಯಿಂದ ಸ್ವತಂತ್ರವಾದ ವಸ್ತುಗಳು ಎಂದ. ಇಲ್ಲಿ ದಾರಿಗಳು ಬೇರೆಯಾಗುತ್ತವೆ. ಸಂಖ್ಯೆಯನ್ನು ಗುಣದ ಸ್ಥಾನದಿಂದ ಬಿಡಿಸಿದ ರಘುನಾಥ ಅದನ್ನು ವಸ್ತುಗಳಿಂದ ಬಿಡಿಸಲಿಲ್ಲ. ಆಧಾರವಿಲ್ಲದೆ ತೇಲುವ ಎರಡನ್ನು ನ್ಯಾಯಪರಂಪರೆ ಕೊನೆಯವರೆಗೂ ಒಪ್ಪಲಿಲ್ಲ. ಹೋಲಿಕೆಯ ಉತ್ಸಾಹದಲ್ಲಿ ಈ ವ್ಯತ್ಯಾಸವನ್ನು ಮರೆಯುವ ಲೇಖಕರು ನವ್ಯನ್ಯಾಯಕ್ಕೆ ಗೌರವ ತರುತ್ತಿಲ್ಲ, ಅದರ ವೈಶಿಷ್ಟ್ಯವನ್ನು ಕಳೆಯುತ್ತಿದ್ದಾರೆ.

ಫ್ರೇಗೆಯ ಬಳಿಕ ಪಾಶ್ಚಾತ್ಯರಲ್ಲಿ ಪ್ರಶ್ನೆ ಜ್ಞಾನದ ಕಡೆಗೆ ಹೊರಳಿತು. ಗಣಿತದ ವಸ್ತುಗಳನ್ನು ಇಂದ್ರಿಯಪ್ರತ್ಯಕ್ಷದಂತಹ ಯಾವುದೋ ಒಂದರಿಂದ ನಾವು ಗ್ರಹಿಸುತ್ತೇವೆ ಎಂದು ಗೋಡೆಲ್ 1964ರಲ್ಲಿ ಬರೆದರು. ಕಾಲದೇಶಗಳಲ್ಲಿಲ್ಲದ, ಯಾವ ಕಾರ್ಯಕಾರಣ ಸಂಬಂಧವೂ ಇಲ್ಲದ ವಸ್ತು ನಮ್ಮ ಅರಿವನ್ನು ಮುಟ್ಟುವುದು ಹೇಗೆ ಎಂದು ಬೆನಸೆರಾಫ್ 1973ರಲ್ಲಿ ಕೇಳಿದರು. ವೈಶೇಷಿಕನಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ದ್ವಿತ್ವವು ಗಡಿಗೆಗಳಲ್ಲಿದೆ, ಗಡಿಗೆಗಳನ್ನು ನೋಡುವ ಕಣ್ಣೇ ಅದನ್ನೂ ನೋಡುತ್ತದೆ. ಅವನ ಕಷ್ಟ ಬೇರೆ ಕಡೆ ಇದೆ: ಯಾರೂ ಎಣಿಸದಿರುವಲ್ಲಿ ಸಂಖ್ಯೆ ಇದೆಯೇ?

ಹಾಲೆಂಡಿನ ಬ್ರೌವರ್ 20ನೆಯ ಶತಮಾನದಲ್ಲಿ ಇದನ್ನೇ ತೀಕ್ಷ್ಣವಾಗಿ ಕೇಳಿದವನು. 'ಪೈ'ಯ ದಶಮಾಂಶ ವಿಸ್ತರಣೆಯಲ್ಲಿ 0ಯಿಂದ 9ರವರೆಗಿನ ಅಂಕಿಗಳು ಎಲ್ಲಾದರೂ ಸಾಲಾಗಿ ಬರುತ್ತವೆಯೇ ಎಂಬುದು ಅವನ ಉದಾಹರಣೆ. ಲೆಕ್ಕಹಾಕಿ ನೋಡುವ ಮೊದಲೇ ಬರುತ್ತವೆ ಅಥವಾ ಬರುವುದಿಲ್ಲ ಎಂಬ ಎರಡರಲ್ಲೊಂದು ನಿಜವಾಗಿ ಇದ್ದೇ ಇರುತ್ತದೆ ಎನ್ನಲು ಅವನು ಒಪ್ಪಲಿಲ್ಲ. 1997ರಲ್ಲಿ ಜಪಾನಿನ ಗಣಕಯಂತ್ರವೊಂದು 1,738 ಕೋಟಿಗೂ ಮುಂದಿನ ಸ್ಥಾನದಲ್ಲಿ ಆ ಸಾಲನ್ನು ಕಂಡುಹಿಡಿಯಿತು. ಬ್ರೌವರನ ಪ್ರಶ್ನೆ ಅದರಿಂದ ಮುಗಿಯಲಿಲ್ಲ. ಉದಾಹರಣೆಯನ್ನು ಬದಲಿಸಿದರೆ ಸಾಕು.

ಸಾವಿರ ವರ್ಷಗಳ ಹಿಂದೆ ಇದೇ ವಿವಾದ ಕಾಡೊಂದನ್ನು ಮುಂದಿಟ್ಟುಕೊಂಡು ನಡೆದಿತ್ತು. ಕಾಡನ್ನೋ ಸೈನ್ಯವನ್ನೋ ಕಂಡಾಗ ಇಷ್ಟೇ ಎಂದು ಎಣಿಸದೆ 'ಬಹಳ' ಎಂದು ತಿಳಿಯುತ್ತೇವೆ. 991ರಲ್ಲಿ 'ನ್ಯಾಯಕಂದಲಿ'ಯನ್ನು ಬರೆದ ಶ್ರೀಧರನ ಮತದಲ್ಲಿ ಆಗ ಹುಟ್ಟುವುದು ಬಹುತ್ವವೆಂಬ ಬೇರೆಯೇ ಸಂಖ್ಯೆ. ನಿಯತವಾದ ಏಕತ್ವಗಳ ಅಪೇಕ್ಷಾಬುದ್ಧಿ ಇಲ್ಲದಿರುವುದರಿಂದ ಅಲ್ಲಿ ನೂರು ಸಾವಿರ ಎಂಬ ನಿಶ್ಚಿತ ಸಂಖ್ಯೆ ಹುಟ್ಟಿಲ್ಲ. ಅದೇ ಕಾಲದ ಉದಯನನ ಮತದಲ್ಲಿ ಮೂರು ಮೊದಲಾದ ನಿಶ್ಚಿತ ಸಂಖ್ಯೆಗಳೇ ಬಹುತ್ವ. ಕಾಡಿನಲ್ಲಿಯೂ ಅಂತಹ ಸಂಖ್ಯೆಯೊಂದು ಹುಟ್ಟಿಯೇ ಇದೆ, ಅದು ಇಂತಹದೆಂಬ ಅರಿವು ಮಾತ್ರ ದೋಷದಿಂದಾಗಿ ನಮಗೆ ಆಗುವುದಿಲ್ಲ. ಶ್ರೀಧರನ ಮಾತಿನಲ್ಲಿ ಬುದ್ಧಿಯ ಅಧಿಕಾರಕ್ಕೆ ನಿಷ್ಠೆಯಿದೆ. ಉದಯನನದರಲ್ಲಿ ವಸ್ತುವಿನ ನಿಶ್ಚಿತತೆಗೆ. ಇವೆರಡನ್ನೂ ಎದುರುಬದುರಾಗಿಟ್ಟು ಮುಕ್ತಾವಲಿ ಕೊಡುವ ಯುಕ್ತಿ ಚಿಕ್ಕದು. ಎರಡು ಸೈನ್ಯಗಳನ್ನು ಕಂಡವನು, ಯಾವುದನ್ನೂ ಎಣಿಸದೆ, ಇದು ಅದಕ್ಕಿಂತ ದೊಡ್ಡದೆಂದು ಹೇಳುತ್ತಾನೆ. ಬಹುತ್ವವೆಂಬುದು ಒಂದೇ ಬೇರೆ ಸಂಖ್ಯೆಯಾಗಿದ್ದರೆ ಎರಡು ಸೈನ್ಯಗಳಲ್ಲಿಯೂ ಇರುವುದು ಅದೇ ಬಹುತ್ವ. ಹೆಚ್ಚು ಕಡಿಮೆ ಎನ್ನಲು ಅಲ್ಲಿ ಎಡೆಯಿರುತ್ತಿರಲಿಲ್ಲ.